ಸೇವೆಗೆ ಮನುಷ್ಯಸ್ವಭಾವ ಅಡ್ಡಿಯೇ? – ಒಂದು ಮಾದರಿ ಪಾಠ, ಅದರ ವಿಮರ್ಶೆ ಮತ್ತು ಮರುಪಾಠ

ಹಿನ್ನೆಲೆ

ಈ ವರ್ಷದ ಅಭ್ಯಾಸ ಬೋಧನೆಯ ಎರಡನೆಯ ವಾರದಲ್ಲಿ ನನ್ನ ಗುಂಪಿನ 14 ಮಂದಿ ಪ್ರಶಿಕ್ಷಣಾರ್ಥಿಗಳ ಎದುರು ನಾನೊಂದು ಮಾದರಿ ಪಾಠ ಮಾಡಿದೆ. ತರಗತಿ ಒಂಬತ್ತು. ಬಿಸಿಯೂಟಕ್ಕೆ ಮುಂಚಿನ ಅವಧಿ, 40 ನಿಮಿಷ. ವೇಳಾಪಟ್ಟಿಯಲ್ಲಿ ಅದು ಮೌಲ್ಯ ಶಿಕ್ಷಣಕ್ಕೆ ಮೀಸಲಾದ ಅವಧಿ. ವಿಷಯವನ್ನು ನಾನೇ ಆರಿಸಿಕೊಂಡಿದ್ದೆ: ಸೇವೆ.

ಈ ಅವಧಿಯಲ್ಲಿ ನಮ್ಮವರು ಮಾಡುವ ಪಾಠಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಒಂದು ನೀತಿಕಥೆ ಹೇಳುವುದು, "ಇದರಿಂದ ನಾವೇನು ಕಲಿತೆವು?" ಎಂದು ಕೇಳುವುದು, ಮಕ್ಕಳೆಲ್ಲ ಒಕ್ಕೊರಲಿನಿಂದ "ಬೇರೆಯವರಿಗೆ ಸಹಾಯ ಮಾಡಬೇಕು" ಎನ್ನುವುದು, ಅದನ್ನು ಕಪ್ಪುಹಲಗೆಯ ಮೇಲೆ ಬರೆಯುವುದು. ಮಕ್ಕಳು ಅದನ್ನು ನಂಬಿ ಹೇಳಿದರೋ, ಮೇಡಂಗೆ ಬೇಕಾದ ಉತ್ತರ ಅದೇ ಎಂದು ಹೇಳಿದರೋ ತಿಳಿಯುವ ದಾರಿ ಆ ಪಾಠದಲ್ಲಿ ಇರುವುದಿಲ್ಲ. ಮೌಲ್ಯದ ಪಾಠದಲ್ಲೂ ಮಕ್ಕಳು ವಾದಿಸಬಹುದು, ಸಂದೇಹಪಡಬಹುದು, ಆಧಾರ ಕೇಳಬಹುದು ಎಂದು ತೋರಿಸುವುದು ನನ್ನ ಉದ್ದೇಶವಾಗಿತ್ತು.

ಆ ಉದ್ದೇಶ ಸ್ವಲ್ಪ ಮಟ್ಟಿಗೆ ಈಡೇರಿತು. ಆದರೆ ಪಾಠದ ನಡುವೆ ನಾನು ಒಂದು ತಪ್ಪು ಮಾಡಿದೆ. ಅದು ಬೋಧನಾ ಕೌಶಲದ ತಪ್ಪಲ್ಲ. ಪಾಠದ ವಿಷಯಕ್ಕೇ ಸಂಬಂಧಿಸಿದ ತಪ್ಪು. ಅದನ್ನು ಗುರುತಿಸಿ ಬರೆದವರು ಒಬ್ಬ ಪ್ರಶಿಕ್ಷಣಾರ್ಥಿ. ಆ ಟಿಪ್ಪಣಿಯಿಂದ ನಾನು ಕಲಿತದ್ದನ್ನು, ಒಂದು ವಾರದ ನಂತರ ಅದೇ ತರಗತಿಗೆ ಮಾಡಿದ ಮರುಪಾಠವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಬೋಧನೋದ್ದೇಶಗಳು

ಪಾಠಯೋಜನೆಯಲ್ಲಿ ನಾನು ಬರೆದಿದ್ದ ಉದ್ದೇಶಗಳು ಇವು. ವಿದ್ಯಾರ್ಥಿಗಳು:

1. ತಮ್ಮ ನಿತ್ಯದ ಬದುಕಿನಲ್ಲಿ ಒಬ್ಬರು ಇನ್ನೊಬ್ಬರಿಗೆ ನೆರವಾದ ಸಂದರ್ಭಗಳನ್ನು ಗುರುತಿಸುವರು.
2. "ಎಲ್ಲ ಸೇವೆಯ ಹಿಂದೆಯೂ ಸ್ವಾರ್ಥವಿದೆ" ಎಂಬ ವಾದವನ್ನು ಮತ್ತು ಅದಕ್ಕೆ ಎದುರಾದ ವಾದವನ್ನು ತಮ್ಮ ಮಾತಿನಲ್ಲಿ ವಿವರಿಸುವರು.
3. ನೆರವು ನೀಡುವ ವರ್ತನೆಯ ಬಗ್ಗೆ ನಡೆದ ಎರಡು ಪ್ರಯೋಗಗಳಿಂದ ತೀರ್ಮಾನಗಳನ್ನು ತೆಗೆಯುವರು.
4. ನೆರವಾಗಬೇಕೆನಿಸಿಯೂ ಆಗದೆ ಹೋದ ತಮ್ಮದೇ ಒಂದು ಸಂದರ್ಭದ ಕಾರಣವನ್ನು ವಿಶ್ಲೇಷಿಸುವರು.

ಈಗ ನೋಡಿದರೆ 40 ನಿಮಿಷಕ್ಕೆ ಇದು ಹೆಚ್ಚಾಯಿತು. ಪ್ರಶಿಕ್ಷಣಾರ್ಥಿಗಳ ಯೋಜನೆಯಲ್ಲಿ ಇದೇ ದೋಷ ಕಂಡರೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ.

ಪೀಠಿಕೆ

"ಇವತ್ತು ಬೆಳಗ್ಗೆ ಎದ್ದಾಗಿನಿಂದ ಇಲ್ಲಿಗೆ ಬರುವವರೆಗೆ ಯಾರು ಯಾರಿಗೆ ಏನು ಮಾಡಿಕೊಟ್ಟರು?" ಎಂದು ಕೇಳಿದೆ. ಉತ್ತರಗಳು ಬೇಗ ಬಂದವು. ಅಮ್ಮ ನೀರು ಕಾಯಿಸಿಕೊಟ್ಟರು. ಅಣ್ಣ ಬೈಕಿನಲ್ಲಿ ಬಿಟ್ಟ. ಬಸ್ಸಿನಲ್ಲಿ ಒಬ್ಬರು ಬ್ಯಾಗು ಹಿಡಿದುಕೊಂಡರು. ಗೆಳತಿ ಗಣಿತದ ನೋಟ್ಸು ಕೊಟ್ಟಳು. ಎಲ್ಲವನ್ನೂ ಹಲಗೆಯ ಮೇಲೆ ಬರೆದೆ.

"ಇವರಲ್ಲಿ ಸುಮ್ಮನೆ, ಏನೂ ಬಯಸದೆ ಮಾಡಿದವರು ಯಾರು?" ಎಂದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಯಾರೂ ಸುಮ್ನೆ ಮಾಡಲ್ಲ ಮೇಡಂ. ನೋಟ್ಸ್ ಕೊಟ್ರೆ ನಾಳೆ ಅವಳಿಗೂ ಬೇಕಾಗುತ್ತೆ ಅಂತ ಕೊಡೋದು" ಎಂದ. ಕೆಲವರು ನಕ್ಕರು, ಕೆಲವರು ತಲೆದೂಗಿದರು. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಹಿಂದೆ ಕುಳಿತಿದ್ದ ಪ್ರಶಿಕ್ಷಣಾರ್ಥಿಗಳ ಕಡೆ ಒಮ್ಮೆ ತಿರುಗಿ, "ಈ ಟೀಚರ್‌ಗಳು ನಮಗೆ ಪಾಠ ಮಾಡೋದೂ ಮಾರ್ಕ್ಸ್‌ಗೇ ಅಲ್ವಾ ಮೇಡಂ?" ಎಂದು ಕೇಳಿದ.

ಪಾಠದ ಅತ್ಯುತ್ತಮ ಪ್ರಶ್ನೆ ಇದೇ ಆಗಿತ್ತು. ನಾನು, "ಒಳ್ಳೆ ಪ್ರಶ್ನೆ, ಕೊನೇಲಿ ನೋಡೋಣ" ಎಂದು ಮುಂದೆ ಹೋದೆ. ಕೊನೆಯಲ್ಲಿ ನೋಡಲಿಲ್ಲ.

ಪಾಠದ ಬೆಳವಣಿಗೆ

ಹುಡುಗನ ವಾದ ಹೊಸದೇನಲ್ಲ ಎಂದು ತೋರಿಸಲು 17ನೇ ಶತಮಾನದ ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್‌ನ ಪ್ರಸಂಗ ಹೇಳಿದೆ. ಜಾನ್ ಆಬ್ರಿ ಬರೆದಿಟ್ಟಿರುವ ಪ್ರಸಂಗ ಇದು. ಲಂಡನ್ನಿನ ಬೀದಿಯಲ್ಲಿ ಕೈಲಾಗದ ಮುದುಕನೊಬ್ಬನಿಗೆ ಹಾಬ್ಸ್ ಹಣ ಕೊಟ್ಟ. ಜೊತೆಗಿದ್ದ ಪಾದ್ರಿಯೊಬ್ಬರು, ಧರ್ಮದ ಆಜ್ಞೆ ಇಲ್ಲದಿದ್ದರೂ ಕೊಡುತ್ತಿದ್ದಿರಾ ಎಂದು ಕೇಳಿದರು. ಕೊಡುತ್ತಿದ್ದೆ ಎಂದ ಹಾಬ್ಸ್. ಆ ಮುದುಕನ ಸ್ಥಿತಿ ನೋಡಿ ನನಗೆ ನೋವಾಯಿತು, ಅವನ ಕಷ್ಟ ಸ್ವಲ್ಪ ಇಳಿದರೆ ನನ್ನ ನೋವೂ ಇಳಿಯುತ್ತದೆ ಎಂಬುದು ಅವನು ಕೊಟ್ಟ ಕಾರಣ. ಹಿಂದಿನ ಸಾಲಿನ ಹುಡುಗನಿಗೆ ಖುಷಿಯಾಯಿತು. ಅವನ ಕಡೆ ಒಬ್ಬ ದೊಡ್ಡ ಮನುಷ್ಯ ಸಿಕ್ಕಿದ್ದ.

ನಂತರ ಮೊದಲ ಪ್ರಯೋಗಕ್ಕೆ ಬಂದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮಕ್ಕಳ ವಯಸ್ಸು 18 ತಿಂಗಳು. ಅಪರಿಚಿತ ವ್ಯಕ್ತಿಯೊಬ್ಬ ಬಟ್ಟೆ ಒಣಹಾಕುತ್ತಾ ಕ್ಲಿಪ್ಪು ಬೀಳಿಸಿಕೊಂಡು ಅದು ಕೈಗೆ ಎಟುಕದೆ ಒದ್ದಾಡುತ್ತಾನೆ. ಕೈತುಂಬ ಪುಸ್ತಕ ಹಿಡಿದು ಬೀರುವಿನ ಬಾಗಿಲು ತೆರೆಯಲಾಗದೆ ನಿಲ್ಲುತ್ತಾನೆ. ಯಾರೂ ಮಕ್ಕಳಿಗೆ ಏನನ್ನೂ ಹೇಳುವುದಿಲ್ಲ, ಬಹುಮಾನ ಕೊಡುವುದಿಲ್ಲ, ಹೊಗಳುವುದೂ ಇಲ್ಲ. 24 ಮಕ್ಕಳಲ್ಲಿ 22 ಮಕ್ಕಳು ಕನಿಷ್ಠ ಒಂದು ಸಲವಾದರೂ ಹೋಗಿ ನೆರವಾದರು. ಅದೇ ವ್ಯಕ್ತಿ ಕ್ಲಿಪ್ಪನ್ನು ಬೇಕೆಂದೇ ಎಸೆದಾಗ ಮಕ್ಕಳು ಅಷ್ಟಾಗಿ ಎತ್ತಿಕೊಡಲಿಲ್ಲ. ಅಂದರೆ ಬಿದ್ದದ್ದನ್ನೆಲ್ಲ ಎತ್ತಿಕೊಡುವ ಆಟ ಅದಾಗಿರಲಿಲ್ಲ. ಎದುರಿಗಿದ್ದವನಿಗೆ ಅದು ಬೇಕಾಗಿದೆ ಎಂಬುದು ಅವಕ್ಕೆ ತಿಳಿಯುತ್ತಿತ್ತು.

ಈ ಹೊತ್ತಿಗೆ ಚರ್ಚೆ ಕಾವೇರಿತ್ತು. ಹುಡುಗಿಯೊಬ್ಬಳು ಬಿಸಿಯೂಟದ ಅಡುಗೆ ಅಕ್ಕನ ಉದಾಹರಣೆ ಕೊಟ್ಟಳು. ಕೂಡಲೇ ಇನ್ನೊಬ್ಬ, "ಅವರಿಗೆ ಸಂಬಳ ಬರುತ್ತಲ್ಲ" ಎಂದ. ಅದಕ್ಕೆ ಅವಳು, "ಸಂಬಳ ಅಡುಗೆ ಮಾಡಿ ಬಡಿಸೋಕೆ. ಊಟ ಯಾಕೆ ಬಿಟ್ಟೆ, ಹುಷಾರಿಲ್ವಾ ಅಂತ ಕೇಳೋಕೆ ಯಾರೂ ಸಂಬಳ ಕೊಡಲ್ಲ" ಎಂದಳು. ಇಡೀ ತರಗತಿ ಒಂದು ಕ್ಷಣ ಯೋಚನೆಗೆ ಬಿತ್ತು. ನಾನು ಗಡಿಯಾರ ನೋಡಿಕೊಂಡೆ. 25 ನಿಮಿಷ ಕಳೆದಿತ್ತು. ಎರಡನೆಯ ಪ್ರಯೋಗ ಮತ್ತು ಮೌಲ್ಯಮಾಪನ ಬಾಕಿ ಇದ್ದವು.

ಆ ಎರಡನೆಯ ಪ್ರಯೋಗ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳಿಗೆ, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಲು ಹೇಳಲಾಯಿತು. ಅರ್ಧದಷ್ಟು ಮಂದಿಗೆ ಕೊಟ್ಟ ವಿಷಯ ಬೈಬಲ್ಲಿನ ಸಮಾರ್ಯದವನ ಕತೆ. ಕಳ್ಳರ ಕೈಯಲ್ಲಿ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಧರ್ಮಾಧಿಕಾರಿಗಳು ನೋಡಿಯೂ ದಾಟಿಹೋದಾಗ, ಯಾರೂ ಗೌರವಿಸದ ಕುಲದವನೊಬ್ಬ ನಿಂತು ಉಪಚರಿಸಿದ ಕತೆ ಅದು. ಉಳಿದವರಿಗೆ ಉದ್ಯೋಗದ ವಿಷಯ. ಹೊರಡುವಾಗ ಕೆಲವರಿಗೆ "ಇನ್ನೂ ಸಮಯವಿದೆ" ಎಂದರು, ಕೆಲವರಿಗೆ "ಸರಿಯಾದ ಸಮಯ, ಹೊರಡಿ" ಎಂದರು, ಕೆಲವರಿಗೆ "ಆಗಲೇ ತಡವಾಗಿದೆ, ಬೇಗ ಹೋಗಿ" ಎಂದರು. ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕುಳಿತಿದ್ದ, ಕೆಮ್ಮಿ ನರಳಿದ. ಸಮಯವಿದ್ದವರಲ್ಲಿ ಶೇ. 63ರಷ್ಟು ಮಂದಿ ಏನಾದರೂ ನೆರವಿಗೆ ಮುಂದಾದರು. ನಡುವಿನ ಗುಂಪಿನಲ್ಲಿ ಶೇ. 45. ಅವಸರದಲ್ಲಿದ್ದವರಲ್ಲಿ ಶೇ. 10 ಮಾತ್ರ. ಸಮಾರ್ಯದವನ ಬಗ್ಗೆಯೇ ಮಾತಾಡಲು ಹೊರಟವರಲ್ಲೂ ಕೆಲವರು ಆ ಮನುಷ್ಯನನ್ನು ದಾಟಿಕೊಂಡೇ ಹೋದರು.

ಇದನ್ನು ಹೇಳಿ ಮುಗಿಸಿ, ಅವಸರ ಅವಸರವಾಗಿ ಎರಡು ಮೌಲ್ಯಮಾಪನ ಪ್ರಶ್ನೆ ಕೇಳಿ, ಗೃಹಕಾರ್ಯ ಕೊಟ್ಟೆ. ಗಂಟೆ ಹೊಡೆಯಿತು. ಪಾಠ ಚೆನ್ನಾಗಿ ಆಯಿತೆಂಬ ಸಮಾಧಾನದಲ್ಲಿ ಹೊರಬಂದೆ.

ವೀಕ್ಷಣಾ ಪುಸ್ತಕದ ಒಂದು ಟಿಪ್ಪಣಿ

ಮಾದರಿ ಪಾಠಕ್ಕೂ ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಟಿಪ್ಪಣಿ ಬರೆಯುವುದು ನಮ್ಮಲ್ಲಿ ರೂಢಿ. ಸಾಮಾನ್ಯವಾಗಿ ಅವರು ಅಧ್ಯಾಪಕರ ಪಾಠದಲ್ಲಿ ದೋಷ ಬರೆಯುವುದಿಲ್ಲ. "ಪೀಠಿಕೆ ಆಕರ್ಷಕವಾಗಿತ್ತು", "ಕಪ್ಪುಹಲಗೆ ಕಾರ್ಯ ಅಚ್ಚುಕಟ್ಟಾಗಿತ್ತು" ಎಂದಿರುತ್ತದೆ. ಅಂದು ಸಂಜೆ 13 ಪುಸ್ತಕಗಳಲ್ಲಿ ಹಾಗೆಯೇ ಇತ್ತು. ಒಂದರಲ್ಲಿ, ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಹೀಗೆ ಬರೆದಿತ್ತು:

"27ನೇ ನಿಮಿಷ – ಕಿಟಕಿ ಪಕ್ಕದ ಮೂರನೇ ಬೆಂಚಿನ ಹುಡುಗಿ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿದಳು. ಮೇಡಂ 'ಎದ್ದು ಕೂತ್ಕೋ, ಮುಖ್ಯವಾದ ವಿಷಯ ಬರ್ತಾ ಇದೆ' ಎಂದರು. ಹುಡುಗಿ ಎದ್ದು ಕುಳಿತಳು. ಕಾರಣ ಕೇಳಲಿಲ್ಲ."

ನನಗೆ ನೆನಪಿತ್ತು. ಅವಳನ್ನು ನಾನು ನೋಡಿದ್ದೆ. ಅವಳ ಮುಖ ಬಾಡಿದ್ದೂ ಕಾಣಿಸಿತ್ತು. ಆದರೆ ಆ ಕ್ಷಣದಲ್ಲಿ ನನ್ನ ಲೆಕ್ಕದಲ್ಲಿ ಅವಳು ಪಾಠಕ್ಕೆ ಬಂದ ಒಂದು ಅಡಚಣೆಯಾಗಿದ್ದಳು. ಕುಸಿದು ಕುಳಿತವನನ್ನು ದಾಟಿಹೋದವರ ಕತೆ ಹೇಳುವ ಆತುರದಲ್ಲಿ ನಾನು ಅವಳನ್ನು ದಾಟಿಹೋಗಿದ್ದೆ.

ಮರುದಿನ ವಿಚಾರಿಸಿದೆ. ಅವಳಿಗೆ ಬೆಳಗಿನಿಂದ ಜ್ವರವಿತ್ತು. ಊಟದ ಸಾಲಿನಲ್ಲಿ ಕಾಣಿಸದಿದ್ದಾಗ ಅಡುಗೆ ಅಕ್ಕನೇ ತರಗತಿಗೆ ಬಂದು ನೋಡಿ, ಮುಖ್ಯ ಶಿಕ್ಷಕರಿಗೆ ಹೇಳಿ, ಮನೆಯವರಿಗೆ ಫೋನು ಮಾಡಿಸಿದ್ದರು. ಅವರು ಬರುವವರೆಗೆ ಅಡುಗೆ ಕೋಣೆಯ ಪಕ್ಕದಲ್ಲಿ ಮಲಗಿಸಿ ನೀರು ಕುಡಿಸಿದ್ದರು.

ಟಿಪ್ಪಣಿ ಬರೆದ ಪ್ರಶಿಕ್ಷಣಾರ್ಥಿಯನ್ನು ಕರೆಸಿದೆ. ಆಕೆ ಹೆದರಿಕೊಂಡೇ ಬಂದರು. "ತಪ್ಪಾಗಿದ್ರೆ ಅಳಿಸ್ತೀನಿ ಮೇಡಂ" ಎಂದರು. ಅಳಿಸಬೇಡಿ, ಪೆನ್ನಿನಲ್ಲಿ ತಿದ್ದಿ ಬರೆಯಿರಿ ಎಂದೆ. ಆಮೇಲೆ ಆಕೆ ಹೇಳಿದ ಮಾತು ಟಿಪ್ಪಣಿಗಿಂತ ದೊಡ್ಡದು: "ನಾನೂ ಎದ್ದು ಹೋಗ್ಲಿಲ್ಲ ಮೇಡಂ. ಪಾಠದ ಮಧ್ಯೆ ಏಳಬಾರದು ಅಂತ ಇತ್ತಲ್ಲ. ಬೇರೆ ಯಾರಾದ್ರೂ ನೋಡ್ತಾರೆ ಅಂದ್ಕೊಂಡೆ. ಆಗ್ಲೇ ಕೈ ನಡುಗ್ತಿತ್ತು, ಅದಕ್ಕೇ ಬರೆದೆ."

ಚರ್ಚಾ ಅವಧಿಯಲ್ಲಿ ಕಂಡದ್ದು

ವಾರಾಂತ್ಯದ ಚರ್ಚಾ ಅವಧಿಯಲ್ಲಿ ಆಕೆಯ ಒಪ್ಪಿಗೆ ಪಡೆದು ಆ ಟಿಪ್ಪಣಿಯನ್ನು ನಾನೇ ಓದಿದೆ. ಹುಡುಗಿಯನ್ನು ಇನ್ನೂ ಯಾರು ನೋಡಿದ್ದಿರಿ ಎಂದು ಕೇಳಿದಾಗ ಐದು ಕೈಗಳು ಮೇಲೆದ್ದವು. ಐವರೂ ನೋಡಿದ್ದರು, ಐವರೂ ಕುಳಿತೇ ಇದ್ದರು.

ಇದಕ್ಕೂ ಒಂದು ಹಳೆಯ ಪ್ರಯೋಗವಿದೆ. ಡಾರ್ಲಿ ಮತ್ತು ಬಿಬ್ ಲಾಟಾನೆ 1968ರಲ್ಲಿ ಪ್ರಕಟಿಸಿದ್ದು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಮೈಕಿನ ಮೂಲಕ ಮಾತಾಡುತ್ತಿರುವಾಗ, ಒಬ್ಬನಿಗೆ ಮೂರ್ಛೆರೋಗ ಬಂದಂತೆ ದನಿ ಕೇಳಿಸುತ್ತದೆ. ಅದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದವರಲ್ಲಿ ಶೇ. 85ರಷ್ಟು ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದವರಲ್ಲಿ ಶೇ. 31 ಮಾತ್ರ. ಆದರೆ ಎದ್ದು ಹೋಗದವರು ಕಲ್ಲುಮನಸ್ಸಿನವರಾಗಿರಲಿಲ್ಲ. ಅನೇಕರ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು ಎಂದು ಸಂಶೋಧಕರು ದಾಖಲಿಸಿದ್ದಾರೆ. ನಮ್ಮ ಪ್ರಶಿಕ್ಷಣಾರ್ಥಿಯ ಕೈ ನಡುಗಿದ್ದೂ ಹಾಗೆಯೇ.

ಆಗ ನನಗೆ ಹೊಳೆದದ್ದು, ನನ್ನ ಪಾಠ ತಪ್ಪು ಪ್ರಶ್ನೆಯ ಸುತ್ತ ಕಟ್ಟಲ್ಪಟ್ಟಿತ್ತು ಎಂಬುದು. "ಏನೂ ಬಯಸದೆ ಮಾಡಿದವರು ಯಾರು?" ಎಂದು ಕೇಳಿ ನಾನೇ ಮಕ್ಕಳನ್ನು ಇತರರ ಮನಸ್ಸಿನೊಳಗೆ ಇಣುಕಲು ಕಳಿಸಿದ್ದೆ. ಅಲ್ಲಿ ಯಾವಾಗಲೂ ಏನಾದರೊಂದು ಸ್ವಾರ್ಥ ಸಿಕ್ಕೇ ಸಿಗುತ್ತದೆ. ಹದಿಹರೆಯದ ಮಕ್ಕಳಿಗೆ ಅದನ್ನು ಹುಡುಕುವುದು ಸುಲಭ, ಅದರಲ್ಲೊಂದು ಜಾಣತನದ ಸುಖವೂ ಇದೆ. ನಮ್ಮ ತರಗತಿಯಲ್ಲಿ ಅಂದು ಜ್ವರದ ಹುಡುಗಿಗೆ ನೆರವು ಸಿಗದೆ ಹೋದದ್ದು ನಮ್ಮ ಸ್ವಾರ್ಥದಿಂದಲೇ ಎನ್ನಲು ಬರುವುದಿಲ್ಲ. ಮರುಕ ಇತ್ತು. ಅದಕ್ಕೆ ದಾರಿ ಇರಲಿಲ್ಲ. ಗಡಿಯಾರ, ಅಂಕ, ಮೇಲಿನವರ ಕಣ್ಣು, "ಬೇರೆಯವರು ನೋಡುತ್ತಾರೆ" ಎಂಬ ಎಣಿಕೆ – ಇವು ಅಡ್ಡ ನಿಂತಿದ್ದವು.

ಶಿಕ್ಷಕರ ತಿಳಿವಳಿಕೆಗಾಗಿ

ಆದರೂ ಸ್ವಾರ್ಥದ ವಾದವನ್ನು ಬದಿಗೆ ತಳ್ಳಿ ಹೋಗಲಾಗದು. ಮಕ್ಕಳು ಅದನ್ನು ಎತ್ತಿಯೇ ಎತ್ತುತ್ತಾರೆ. ಪಾಠ ಮಾಡುವವರು ಮೂರು ಅಂಶಗಳನ್ನು ತಿಳಿದಿರಬೇಕು.

ಮೊದಲನೆಯದು, ಹಾಬ್ಸ್‌ನ ಉತ್ತರದಲ್ಲೇ ಇರುವ ಒಂದು ಬಿರುಕು. 1726ರಲ್ಲಿ ಪ್ರಕಟವಾದ ತನ್ನ ಪ್ರವಚನಗಳಲ್ಲಿ ಜೋಸೆಫ್ ಬಟ್ಲರ್ ಈ ಬಗೆಯ ವಾದಗಳನ್ನು ಪರಿಶೀಲಿಸಿದ್ದಾನೆ. ಅವನ ತರ್ಕವನ್ನು ನಮ್ಮ ಉದಾಹರಣೆಯಲ್ಲಿ ಹೇಳುವುದಾದರೆ: ಮಗು ಹೊಟ್ಟೆ ತುಂಬ ಉಂಡರೆ ತಾಯಿಗೆ ಸಂತೋಷ. ಹಾಗೆಂದು ಅವಳು ತನ್ನ ಸಂತೋಷಕ್ಕಾಗಿ ಉಣಿಸಿದಳು ಎನ್ನಬಹುದೇ? ಮಗುವಿನ ಹಸಿವು ಅವಳಿಗೆ ಮೊದಲೇ ಮುಖ್ಯವಾಗಿರದಿದ್ದರೆ ಅದು ಉಂಡಾಗ ಸಂತೋಷ ಎಲ್ಲಿಂದ ಬರಬೇಕು? ಸಂತೋಷ ಹಿಂದೆ ಬರುವುದು. ಮುದುಕನ ಕಷ್ಟ ಹಾಬ್ಸ್‌ಗೆ ನೋವು ಕೊಟ್ಟಿತೆಂದರೆ, ಬೇರೆಯವನ ಕಷ್ಟ ಅವನನ್ನು ತಟ್ಟಿತೆಂದೇ ಅರ್ಥ. ಪೂರ್ತಿ ಸ್ವಾರ್ಥಿಗೆ ಆ ನೋವೇ ಆಗುವುದಿಲ್ಲ.

ಎರಡನೆಯದು, ಇದನ್ನು ಪ್ರಯೋಗದಿಂದ ಪರೀಕ್ಷಿಸುವ ಯತ್ನ. ಪ್ರಿನ್ಸ್‌ಟನ್ ಪ್ರಯೋಗದ ಬ್ಯಾಟ್ಸನ್ ಮುಂದೆ ಹಲವು ವರ್ಷ ಈ ಕೆಲಸ ಮಾಡಿದರು. 1981ರ ಒಂದು ಅಧ್ಯಯನದಲ್ಲಿ, ವಿದ್ಯುತ್ ಆಘಾತ ಅನುಭವಿಸುತ್ತಿರುವಂತೆ ಕಾಣುವ ಯುವತಿಯೊಬ್ಬಳನ್ನು ಪರದೆಯ ಮೇಲೆ ತೋರಿಸಿ (ಆಘಾತ ನಿಜವಾಗಿರಲಿಲ್ಲ), ಅವಳ ಜಾಗದಲ್ಲಿ ನೀವು ಕೂರುತ್ತೀರಾ ಎಂದು ಕೇಳಲಾಯಿತು. ಕೆಲವರಿಗೆ ಎದ್ದು ಹೋಗಿಬಿಡುವುದು ಸುಲಭವಾಗಿತ್ತು, ಕೆಲವರು ಉಳಿದು ನೋಡುತ್ತಲೇ ಇರಬೇಕಿತ್ತು. ತಮ್ಮ ಸಂಕಟ ಕಳೆದುಕೊಳ್ಳುವುದೇ ಗುರಿಯಾದರೆ ಎದ್ದು ಹೋಗುವುದೇ ಅಗ್ಗದ ದಾರಿ. ಆದರೆ ಅವಳ ಬಗ್ಗೆ ಹೆಚ್ಚು ಮರುಕ ಹುಟ್ಟಿದವರು, ಹೋಗುವುದು ಸುಲಭವಿದ್ದಾಗಲೂ ನೆರವಿಗೆ ಬಂದರು. ಇದರಿಂದ ವಾದ ಮುಗಿಯಲಿಲ್ಲ. ಮರುಕ ಹುಟ್ಟಿದಾಗ ನಾವು ಇನ್ನೊಬ್ಬರನ್ನು ನಮ್ಮದೇ ಭಾಗವೆಂದು ಕಾಣುತ್ತೇವೆ, ಹಾಗಾಗಿ ಅದೂ ಒಂದು ಬಗೆಯ ಸ್ವಹಿತವೇ ಎಂದು ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ವಾದಿಸಿದ್ದಾರೆ. ಮಕ್ಕಳಿಗೆ ಎರಡನ್ನೂ ಹೇಳಬೇಕು. ಹಾಗೆಯೇ ಪ್ರಿನ್ಸ್‌ಟನ್ ಪ್ರಯೋಗದಲ್ಲಿ ಇದ್ದವರು ಕೇವಲ 40 ಮಂದಿ ಎಂಬುದನ್ನೂ ನೆನಪಿಸಬೇಕು.

ಮೂರನೆಯದು ಬಹುಮಾನದ ಪರಿಣಾಮ. ವಾರ್ನೆಕೆನ್ ಮತ್ತು ಟೊಮಾಸೆಲೊ 2008ರಲ್ಲಿ ಇನ್ನೊಂದು ಫಲಿತಾಂಶ ಪ್ರಕಟಿಸಿದರು. ನೆರವಾದ ಪ್ರತಿ ಸಲ ಆಟಿಕೆಯನ್ನು ಬಹುಮಾನವಾಗಿ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ ಕಡಿಮೆ ನೆರವಾದರು. ಬರೀ ಹೊಗಳಿಕೆ ಪಡೆದವರು ಮತ್ತು ಏನೂ ಪಡೆಯದವರು ಮೊದಲಿನಂತೆಯೇ ಮುಂದುವರಿದರು. ಪೌರತ್ವ ತರಬೇತಿ ಶಿಬಿರದಲ್ಲಿ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡು ಕಡತಕ್ಕೆ ಅಂಟಿಸುವ ನಾವು ಈ ಫಲಿತಾಂಶವನ್ನು ಎರಡು ಸಲ ಓದಬೇಕು.

ಮರುಪಾಠ

ಮುಂದಿನ ವಾರ ಅದೇ ತರಗತಿಗೆ ಹೋದೆ. ಯೋಜನೆಯಲ್ಲಿ ನಾಲ್ಕರ ಬದಲು ಎರಡೇ ಉದ್ದೇಶ ಇಟ್ಟುಕೊಂಡೆ. ಹುಡುಗಿ ಗುಣವಾಗಿ ಬಂದಿದ್ದಳು. ಪಾಠಕ್ಕೆ ಮೊದಲೇ ಅವಳೊಬ್ಬಳನ್ನೇ ವರಾಂಡದಲ್ಲಿ ಮಾತಾಡಿಸಿ, ಅಂದು ಕೇಳದೆ ಹೋದದ್ದು ನನ್ನ ತಪ್ಪು ಎಂದೆ. "ಪರ್ವಾಗಿಲ್ಲ ಮೇಡಂ" ಎಂದು ಸಂಕೋಚದಿಂದ ನಕ್ಕಳು. ತರಗತಿಯ ಮುಂದೆ ಅವಳ ಹೆಸರು ಎತ್ತಲಿಲ್ಲ.

ಪಾಠವನ್ನು ಹಿಂದಿನ ಸಾಲಿನ ಹುಡುಗನ ಪ್ರಶ್ನೆಯಿಂದಲೇ ಆರಂಭಿಸಿದೆ. "ಇವರು ಮಾರ್ಕ್ಸ್‌ಗೇ ಪಾಠ ಮಾಡೋದಲ್ವಾ ಅಂತ ಕೇಳಿದ್ದೆ. ಹೌದು, ಮಾರ್ಕ್ಸ್ ಇದೆ. ನನಗೆ ಸಂಬಳವೂ ಇದೆ. ಹಾಗಾದರೆ ನಾವು ನಿಮಗೆ ಮಾಡುವ ಕೆಲಸದಲ್ಲಿ ಸೇವೆ ಅನ್ನುವಂಥದ್ದು ಏನಾದರೂ ಉಳಿಯುತ್ತದೆಯೇ?" ಎಂದು ಕೇಳಿದೆ. ಅಡುಗೆ ಅಕ್ಕನ ಉದಾಹರಣೆ ಕೊಟ್ಟಿದ್ದ ಹುಡುಗಿಯ ಮಾತನ್ನು ನೆನಪಿಸಿ ಹಲಗೆಯಲ್ಲಿ ಎರಡು ಕಲಂ ಎಳೆದೆ: "ಸಂಬಳಕ್ಕೆ ಸೇರಿದ್ದು", "ಸಂಬಳದಾಚೆಯದು". ಮಕ್ಕಳೇ ತುಂಬಿದರು. ಕಂಡಕ್ಟರ್ ಟಿಕೆಟ್ ಕೊಡುವುದು ಮೊದಲನೆಯದು. ಅಜ್ಜಿ ಇಳಿಯುವವರೆಗೆ ಸೀಟಿ ಹೊಡೆಯದೆ ಕಾಯುವುದು ಎರಡನೆಯದು. ನರ್ಸ್ ಇಂಜೆಕ್ಷನ್ ಕೊಡುವುದು ಮೊದಲನೆಯದು. "ಆಯ್ತು, ಆಯ್ತು" ಎನ್ನುತ್ತಾ ಮಗುವಿನ ಗಮನ ಬೇರೆ ಕಡೆ ತಿರುಗಿಸುವುದು ಎರಡನೆಯದು.

ಹುಡುಗ ಬಿಡಲಿಲ್ಲ. "ಆದ್ರೂ ಮೇಡಂ, ಎರಡನೇದು ಮಾಡಿದ್ರೂ ಅವರಿಗೆ ಒಳಗೆ ಖುಷಿ ಸಿಗುತ್ತಲ್ಲ?" ತಾಯಿ ಮತ್ತು ಮಗುವಿನ ಊಟದ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಮೊದಲು ಮಗು, ಆಮೇಲೆ ಖುಷಿ" ಎಂದ. "ಆದ್ರೆ ಎಲ್ಲರೂ ಅಮ್ಮ ಅಲ್ಲ" ಎಂದೂ ಸೇರಿಸಿದ. ಅವನು ಪೂರ್ತಿ ಒಪ್ಪಿದನೆಂದು ನಾನು ಹೇಳಲಾರೆ. ಒಪ್ಪಿಸುವುದು ಉದ್ದೇಶವೂ ಆಗಿರಲಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕತೆಯನ್ನು ಇಲ್ಲಿ ತಂದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿ ಅವರು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕಿಂತ ಹೆಚ್ಚಿನದು ಬೇಡವೆಂದು ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳು. "ಹೆಚ್ಚು ತಂದರೆ ಹೆಚ್ಚು ಜನಕ್ಕೆ ಹಾಕಬಹುದಿತ್ತಲ್ಲ, ಯಾಕೆ ಬೇಡ ಎಂದಳು?" ಎಂದು ಕೇಳಿದೆ. ಬಂದ ಉತ್ತರಗಳಲ್ಲಿ ಒಂದು: "ಸೇವೆ ಮಾಡ್ಬೇಕು ಅನ್ನೋದೂ ಆಸೆ ಆಗ್ಬಿಡುತ್ತೆ ಮೇಡಂ." ಪಾಠಯೋಜನೆಯ ಪುಸ್ತಕದಲ್ಲಿ ಆ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ಪಾಠ ಮುಗಿಸುವ ನನ್ನ ಆತುರವೂ ಅಂಥದೇ ಆಸೆಯಾಗಿತ್ತು.

ಇನ್ನೊಂದು ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮನೇಲಿ ಪಾತ್ರೆ ತೊಳೆಯೋದು, ತಮ್ಮನ್ನ ನೋಡ್ಕೊಳೋದು ಎಲ್ಲ ನಾನೇ. ಅದು ಸೇವೆನಾ? ತಮ್ಮ ಏನೂ ಮಾಡಲ್ಲ" ಎಂದಳು. ಯೋಜನೆ ಬದಿಗಿಟ್ಟು ಹತ್ತು ನಿಮಿಷ ಅದಕ್ಕೇ ಕೊಟ್ಟೆವು. ಬೇಡ ಎನ್ನುವ ಸ್ವಾತಂತ್ರ್ಯವೇ ಇಲ್ಲದ ಕಡೆ ಮಾಡಿಸಿಕೊಂಡ ಕೆಲಸಕ್ಕೆ ಸೇವೆ ಎಂಬ ಹೆಸರು ಸಲ್ಲುತ್ತದೆಯೇ ಎಂದು ಚರ್ಚಿಸಿದೆವು. ಬಿಟ್ಟಿ ಚಾಕರಿ, ಜೀತ ಎಂಬ ಪದಗಳು ಮಕ್ಕಳಿಂದಲೇ ಬಂದವು. 1976ರಲ್ಲಿ ಜೀತ ಪದ್ಧತಿಯನ್ನು ರದ್ದುಗೊಳಿಸುವ ಕಾಯ್ದೆ ಬಂದದ್ದನ್ನು ಸಮಾಜ ವಿಜ್ಞಾನದ ಪಾಠಕ್ಕೆ ಜೋಡಿಸಿದೆ. ನಮ್ಮ ಸಮಾಜದಲ್ಲಿ ಕೆಲವರು ತಲೆಮಾರುಗಳಿಂದ ಸೇವೆ ಮಾಡುತ್ತಲೇ ಇದ್ದಾರೆ, ಕೆಲವರು ಮಾಡಿಸಿಕೊಳ್ಳುತ್ತಲೇ ಇದ್ದಾರೆ. ಎಲ್ಲರಿಗೂ ಒಂದೇ ದನಿಯಲ್ಲಿ "ಸೇವೆ ಮಾಡಿ" ಎಂದು ಬೋಧಿಸಿದರೆ, ಈಗಾಗಲೇ ದುಡಿದು ದಣಿದವರ ಹೆಗಲಿಗೇ ಇನ್ನಷ್ಟು ಹೊರೆ ಹಾಕಿದಂತೆ. ದಾಸೋಹ ಎಂಬ ಪದದಲ್ಲಿ "ನಾನು ದಾಸ" ಎಂದು ಹೇಳಿಕೊಳ್ಳುವವನು ತಾನಾಗಿ ಹೇಳಿಕೊಳ್ಳುತ್ತಾನೆ. ಇನ್ನೊಬ್ಬರು ಅವನಿಗೆ ಹಾಗೆ ಹೇಳುವುದಲ್ಲ. ಈ ವ್ಯತ್ಯಾಸ ಮಕ್ಕಳಿಗೆ ತಿಳಿಯಿತೆಂದು ಭಾವಿಸುತ್ತೇನೆ.

ಈ ಸಲದ ಗೃಹಕಾರ್ಯ ಒಂದೇ ಪ್ರಶ್ನೆ: "ನೆರವಾಗಬೇಕು ಎನಿಸಿಯೂ ನೀವು ಆಗದೆ ಹೋದ ಒಂದು ಸಂದರ್ಭ. ಏನು ಅಡ್ಡ ಬಂತು?" ಹೆಸರು ಬರೆಯುವುದು ಬೇಡ, ಅಂಕವಿಲ್ಲ ಎಂದೆ. 31 ಚೀಟಿಗಳು ಬಂದವು. "ಅಯ್ಯೋ ಅನ್ನಿಸಲೇ ಇಲ್ಲ" ಎಂದು ಬರೆದವರು ಒಬ್ಬರೂ ಇಲ್ಲ. ಪ್ರಶ್ನೆಯೇ ಹಾಗಿದ್ದುದರಿಂದ ಅದಕ್ಕೆ ಹೆಚ್ಚು ಅರ್ಥ ಕೊಡಲಾರೆ. ಆದರೆ ಅಡ್ಡ ಬಂದದ್ದು ಏನೆಂಬುದಕ್ಕೆ ಉತ್ತರ ಸ್ಪಷ್ಟವಾಗಿತ್ತು: ಬಸ್ಸು ಹೊರಟಿತ್ತು, ಎಲ್ಲರೂ ನಗುತ್ತಾರೆ ಎನಿಸಿತು, ಬೇರೆಯವರು ಹೋಗುತ್ತಾರೆ ಅಂದುಕೊಂಡೆ, ಅವರು ನಮ್ಮ ಜನ ಅಲ್ಲ ಎಂದು ಮನೆಯಲ್ಲಿ ಬೈಯುತ್ತಾರೆ ಎಂದು ಹೆದರಿದೆ. ಕೊನೆಯ ಕಾರಣ ಮೂರು ಚೀಟಿಗಳಲ್ಲಿತ್ತು. ಅದಕ್ಕೇ ಇನ್ನೊಂದು ಪಾಠ ಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಮೌಲ್ಯದ ಪಾಠದಲ್ಲಿ ಸಂದೇಹದ ಪ್ರಶ್ನೆ ಬಂದರೆ ಅದನ್ನು ಕೊನೆಗೆ ತಳ್ಳಬೇಡಿ. ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

2. "ಅವರ ಮನಸ್ಸಿನಲ್ಲಿ ಏನಿತ್ತು?" ಎಂಬುದಕ್ಕಿಂತ "ಎದುರಿಗಿದ್ದವರಿಗೆ ಏನು ಬೇಕಿತ್ತು? ಅದು ಸಿಕ್ಕಿತೇ? ಸಿಗದಿದ್ದರೆ ಏನು ಅಡ್ಡ ಬಂತು?" ಎಂದು ಕೇಳಿ. ಇವಕ್ಕೆ ಮಕ್ಕಳು ಆಧಾರ ಕೊಟ್ಟು ಉತ್ತರಿಸಬಲ್ಲರು.

3. ಪಾಠಯೋಜನೆಯಲ್ಲಿ ಐದು ನಿಮಿಷ ಖಾಲಿ ಬಿಡಿ. ಅವಸರದಲ್ಲಿದ್ದವರಲ್ಲಿ ನೆರವಾದವರು ಶೇ. 10 ಎಂಬುದು ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳ ಲೆಕ್ಕ. ಸಿಲಬಸ್ ಮುಗಿಸುವ ಅವಸರದಲ್ಲಿರುವ ಶಿಕ್ಷಕರ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕು.

4. ತಲೆ ಬಗ್ಗಿಸಿದ ಮಗುವಿಗೆ "ಎದ್ದು ಕೂತ್ಕೋ" ಎನ್ನುವ ಮೊದಲು "ಏನಾಯ್ತು?" ಎಂದು ಕೇಳಿ. ಎರಡಕ್ಕೂ ಹಿಡಿಯುವ ಸಮಯ ಒಂದೇ.

5. ವೀಕ್ಷಕರಾಗಿ ಕುಳಿತಾಗ ಮಗುವಿಗೆ ತೊಂದರೆ ಕಂಡರೆ ಎದ್ದು ಹೋಗಿ. ಪಾಠದ ಮಧ್ಯೆ ಏಳಬಾರದೆಂಬ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ನಮ್ಮ ಕಾಲೇಜಿನ ವೀಕ್ಷಣಾ ನಮೂನೆಯಲ್ಲಿ ಇದನ್ನು ಬರೆಸಲು ಕೋರಿದ್ದೇನೆ.

ಮುಕ್ತಾಯ

ಮನುಷ್ಯನ ಸ್ವಭಾವ ನಿಜವಾದ ಸೇವೆಗೆ ಎಡೆ ಕೊಡುತ್ತದೆಯೇ ಎಂಬುದಕ್ಕೆ ನನ್ನ ಉತ್ತರ ಹೌದು ಎಂದೇ. ಇನ್ನೊಬ್ಬರ ಅಗತ್ಯ ನಮ್ಮನ್ನು ತಟ್ಟುತ್ತದೆ. ಮಾತು ಸರಿಯಾಗಿ ಬಾರದ ವಯಸ್ಸಿನಲ್ಲೇ ತಟ್ಟುತ್ತದೆ. ಆದರೆ ತಟ್ಟಿದ್ದು ಕೈಗೆ ಇಳಿಯಲು ಸ್ವಲ್ಪ ಸಮಯ ಬೇಕು, "ಇದು ನನ್ನ ಹೊಣೆ" ಎಂಬ ಭಾವ ಬೇಕು, ಯಾರೂ ಬಯ್ಯುವುದಿಲ್ಲ ಎಂಬ ಧೈರ್ಯ ಬೇಕು. ಇವು ಸ್ವಭಾವದಿಂದ ತಾವಾಗಿ ಬರುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ, ತರಗತಿಯ 40 ನಿಮಿಷಗಳಲ್ಲಿ ಯಾರಾದರೂ ಅವಕ್ಕೆ ಜಾಗ ಮಾಡಿಕೊಡಬೇಕು.

ಪ್ರಶಿಕ್ಷಣಾರ್ಥಿಗಳು ಈ ಶಾಲೆಗೆ ಹೋಗುವುದು ಅಂಕಕ್ಕಾಗಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಡುಗೆ ಅಕ್ಕನೂ ಸಂಬಳಕ್ಕೇ ಬರುತ್ತಾರೆ. ಊಟದ ಸಾಲಿನಲ್ಲಿ ಯಾರು ಕಾಣಿಸಲಿಲ್ಲ ಎಂದು ಅವರು ಗಮನಿಸಿದರು. ಹಾಜರಿ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು, ನಾನು ಗಮನಿಸಲಿಲ್ಲ. ಈಗ ಪ್ರತಿ ಪಾಠದ ಮೊದಲು ಹಾಜರಿ ಕೂಗುವಾಗ ಪ್ರತಿಯೊಬ್ಬರ ಮುಖ ನೋಡುತ್ತೇನೆ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ.